ಕ್ಲಿಕ್ ಆಗದ ರೊಟ್ಟಿ

ಮೂಡುಬಿದಿರೆಯ ಬಾಡಿಗೆ ಮನೆಯಲ್ಲಿ ನಾನು ಮೊದಲ ಸಲ ರೊಟ್ಟಿ ಬಡಿದಾಗ ಪಕ್ಕದ ಮನೆಯ ಪದ್ಮಕ್ಕ ಓಡಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಗಳ ಬಿಡಿಸುವವರ ಹಾಗೆ ಬಾಗಿಲಲ್ಲಿ ನಿಂತಿದ್ದರು.

"ಎಂತ ಆಯ್ತು ಮಾರಾಯ್ರೆ? ಯಾರಿಗೆ ಹೊಡೆಯುವುದು ನೀವು?"

ನನ್ನ ಎರಡೂ ಅಂಗೈಗೆ ಹಿಟ್ಟು ಮೆತ್ತಿತ್ತು. ಕಲ್ಲಿನ ಮೇಲೆ ಅರ್ಧ ಅಗಲವಾದ ರೊಟ್ಟಿ ಬಿದ್ದಿತ್ತು. ಅದನ್ನು ತೋರಿಸಿದೆ. ಪದ್ಮಕ್ಕ ರೊಟ್ಟಿ ನೋಡಿದರು, ನನ್ನನ್ನು ನೋಡಿದರು, ನಕ್ಕರು. ನನಗೆ ನಗು ಬರಲಿಲ್ಲ. ನಮ್ಮೂರು ಲಿಂಗಸುಗೂರಿನಲ್ಲಿ ಬೆಳಗಾದರೆ ಓಣಿಯ ತುಂಬ ಅದೇ ಸದ್ದು. ಯಾರ ಮನೆಯಲ್ಲಾದರೂ ಅದು ಕೇಳಿಸದಿದ್ದರೆ ಆಗ ಜನ ಓಡಿ ಹೋಗುತ್ತಾರೆ, ಮೈ ಸರಿಯಿಲ್ಲವೇನೋ ಎಂದು. ಇಲ್ಲಿ ಕೇಳಿಸಿದ್ದಕ್ಕೆ ಓಡಿ ಬಂದಿದ್ದರು.

ನಮ್ಮ ಯಜಮಾನರಿಗೆ ಇಲ್ಲಿನ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ಸಿಕ್ಕಿದ್ದರಿಂದ ನಾವು ಬಂದೆವು. ಕನ್ನಡನಾಡೇ ಅಲ್ಲವೇ, ಏನು ಕಷ್ಟ ಎಂದುಕೊಂಡಿದ್ದೆ. ಬಸ್ಸಿನಿಂದ ಇಳಿಯುವ ಮೊದಲೇ ಕಂಡಕ್ಟರ್ "ರೈಟ್ ಪೋಯಿ" ಎಂದು ಕೂಗಿದ. ಹೊರಡು ಎಂದು ಅರ್ಥವಂತೆ. ಜನ ತಮ್ಮತಮ್ಮಲ್ಲಿ ತುಳು ಮಾತಾಡುತ್ತಾರೆ. ನಮ್ಮ ಮುಖ ಕಂಡರೆ ಕನ್ನಡಕ್ಕೆ ಬರುತ್ತಾರೆ. ಆ ಕನ್ನಡವೋ, ಪಾಠ ಓದಿದ ಹಾಗೆ ನಿಧಾನ, ಶುದ್ಧ. ನಾನು ನಮ್ಮ ಧಾಟಿಯಲ್ಲಿ ಎರಡು ಮಾತಾಡಿದರೆ ಸಾಕು, "ಘಟ್ಟದವರಾ?" ಎಂದು ಕೇಳುತ್ತಾರೆ. ಘಟ್ಟದ ಮೇಲಿನವರೆಲ್ಲ ಇವರಿಗೆ ಘಟ್ಟದವರೇ. ಲಿಂಗಸುಗೂರಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದು ಘಟ್ಟವಿಲ್ಲ ಎಂದರೆ ಯಾರು ಕೇಳುತ್ತಾರೆ! ಇಲ್ಲಿನ ಪೇಟೆಯ ದಿನಸಿ ಅಂಗಡಿಯಲ್ಲಿ ಜೋಳ ಕೇಳಿದರೆ ಮೆಕ್ಕೆಜೋಳ ತಂದಿಟ್ಟರು. ಕೊನೆಗೆ ಬಿಳಿಜೋಳ ನಮ್ಮೂರಿನಿಂದಲೇ ಲಾರಿಯಲ್ಲಿ ಬಂತು.

ಹೌದು, ಚೀಲಗಟ್ಟಲೆ ಬಂತು. ನಾನು ಖಾನಾವಳಿ ತೆರೆದಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಹಮೀದಾಕ ಎಂಬವರ ಕಟ್ಟಡದಲ್ಲಿ ಒಂದು ಕೋಣೆ. ಅವರು ವರ್ಷಗಟ್ಟಲೆ ದುಬೈಯಲ್ಲಿ ದುಡಿದು ಬಂದ ಬ್ಯಾರಿ ವ್ಯಾಪಾರಿ, ಇಲ್ಲಿನ ಹಳೆಯ ಮುಸ್ಲಿಂ ಸಮುದಾಯದವರು. ಊರಿನವರೆಲ್ಲ ಪ್ರೀತಿಯಿಂದ ಹೆಸರಿಗೆ 'ಆಕ' ಸೇರಿಸುತ್ತಾರೆ, ನಾವು ಕಾಕಾ ಎನ್ನುವ ಹಾಗೆ. ಮೊದಲ ದಿನ ನನ್ನ ಕೋಣೆಗೆ ಬಂದು, ಗೋಡೆಗೆ ಒರಗಿಸಿದ್ದ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ, ತೀರ್ಪು ಕೊಟ್ಟರು.

"ಅಕ್ಕಾ, ಬೇಸರ ಮಾಡ್ಬೇಡಿ. ಇದು ಇಲ್ಲಿ ಕ್ಲಿಕ್ ಆಗ್ಲಿಕ್ಕಿಲ್ಲ."

ಕ್ಲಿಕ್! ನಮ್ಮ ಕಡೆ ಆ ಮಾತು ನನಗೆ ಗೊತ್ತಿದ್ದದ್ದು ಫೋಟೋ ಸ್ಟುಡಿಯೋದಲ್ಲಿ. ಮದುವೆ ಗೊತ್ತಾದಾಗ ಉಸಿರು ಬಿಗಿ ಹಿಡಿದು ನಿಂತೆ, ಕ್ಲಿಕ್ ಎಂದಿತು, ಉಸಿರು ಬಿಟ್ಟೆ. ಆಮೇಲೆ ಮಕ್ಕಳ ಕಂಪ್ಯೂಟರಿನ ಇಲಿಗೆ ಬಂತು, ಮೊಬೈಲಿಗೆ ಬಂತು. ಇಲ್ಲಿಯಾದರೆ ಆ ಪದ ಊರಿನ ಪಂಚರ ಹಾಗೆ ಎಲ್ಲದರ ಮೇಲೂ ಕುಳಿತು ನ್ಯಾಯ ಹೇಳುತ್ತದೆ. ಯಾರದೋ ಸಿನಿಮಾ ಕ್ಲಿಕ್ ಆಯಿತು, ಐಸ್‌ಕ್ರೀಂ ಅಂಗಡಿ ಕ್ಲಿಕ್ ಆಯಿತು, ಮಡಂತ್ಯಾರಿನ ಹುಡುಗಿಯ ಸಂಬಂಧ ಕ್ಲಿಕ್ ಆಗಲಿಲ್ಲ. ಯಜಮಾನರು ಕಾಲೇಜಿನ ಇಂಗ್ಲಿಷ್ ಮೇಷ್ಟ್ರನ್ನು ಕೇಳಿಕೊಂಡು ಬಂದರು. ಚಿಲಕ ತನ್ನ ಜಾಗದಲ್ಲಿ ಹೋಗಿ ಕೂರುವಾಗ ಆಗುವ ಸದ್ದೇ ಆ ಪದವಂತೆ. ಕೂಗಿನಿಂದಲೇ ಕಾಗೆಗೆ ಹೆಸರು ಬಂದಂತೆ. ನೋಡಿದ ಕೂಡಲೇ ಇಬ್ಬರಿಗೆ ಸ್ನೇಹವಾದರೂ ಕ್ಲಿಕ್, ಅರ್ಥವಾಗದ್ದು ತಟ್ಟನೆ ಹೊಳೆದರೂ ಕ್ಲಿಕ್. ನನಗೆ ಇದರಲ್ಲಿ ಒಂದೇ ಕಂಡಿತು. ಎಲ್ಲವೂ ಕ್ಷಣದಲ್ಲಿ ಆಗಬೇಕು, ಯಾರ ಕೈಯೂ ನೋಯಬಾರದು.

ಹಮೀದಾಕ ಒಳ್ಳೆಯವರು, ಆದರೆ ವ್ಯಾಪಾರಿ. "ಮಳೆಗಾಲ ಮುಗಿಯುವವರೆಗೆ ನೋಡುವ" ಎಂದರು. "ಕ್ಲಿಕ್ ಆದ್ರೆ ನಿಮಗೇ. ಇಲ್ಲದಿದ್ರೆ ರೂಮು ಬಿಟ್ಟುಕೊಡಿ. ನನ್ನ ತಂಗಿ ಮಗನಿಗೆ ಜ್ಯೂಸ್ ಅಂಗಡಿ ಹಾಕ್ಲಿಕ್ಕುಂಟು. ಅಕ್ಕಿರೊಟ್ಟಿ, ಕೋಳಿ ಮಾಡಿ ಅಕ್ಕಾ, ನಾಳೆಯೇ ಕ್ಲಿಕ್ ಆಗ್ತದೆ. ಒತ್ತುವ ಮಿಷನ್ ಉಂಟು, ಕೈ ಯಾಕೆ ನೋಯಿಸುವುದು?"

ಯಜಮಾನರಿಗೂ ಅದೇ ಸರಿ ಎನ್ನಿಸಿತು. ನನಗೆ ಮೈಯೆಲ್ಲ ಉರಿಯಿತು. ಮದುವೆಯಾದಾಗಿನಿಂದ ಅತ್ತೆಯ ಮನೆಯ ದೊಡ್ಡ ಸಂಸಾರಕ್ಕೆ ದಿನವೂ ಬುಟ್ಟಿಗಟ್ಟಲೆ ರೊಟ್ಟಿ ಬಡಿದವಳು ನಾನು. ಬಡಿದದ್ದು ನಾನೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ಈ ಕೋಣೆಯಲ್ಲಿ ಮೊದಲ ಸಲ ರೊಟ್ಟಿ ನನ್ನದಾಗಿತ್ತು. ಕೋಣೆ ಹೋದರೆ ನಾನು ಮತ್ತೆ ವಾರ್ಡನ್ ಹೆಂಡತಿ, ಅಷ್ಟೇ. ಮಿಷನ್ ತರುವುದಿಲ್ಲ, ಕೋಳಿ ಮಾಡುವುದಿಲ್ಲ ಎಂದುಬಿಟ್ಟೆ. ಬಡಿಯುವ ಕಲ್ಲನ್ನು ಒಳಗಿನಿಂದ ಎಳೆದು ಬೀದಿಗೆ ಕಾಣುವ ಹಾಗೆ ಬಾಗಿಲ ಬಳಿಯೇ ಇಟ್ಟೆ. ಕೇಳಲಿ ಮೂಡುಬಿದಿರೆ!

ನಮ್ಮ ಕಡೆಯ ವಿದ್ಯಾರ್ಥಿಗಳು ಬಂದರು, ಎಣ್ಣೆಗಾಯಿ ಕಂಡು ಕಣ್ಣು ಒದ್ದೆ ಮಾಡಿಕೊಂಡರು. ರಜೆ ಬಂದಾಗ ಎಲ್ಲರೂ ಊರಿಗೆ ಹೋದರು. ಇಲ್ಲಿನವರು ಆಟಿ ಎನ್ನುವ ಆಷಾಢದ ಮಳೆ ಸುರಿಯುತ್ತಿತ್ತು. ಖಡಕ್ ರೊಟ್ಟಿ ನಮ್ಮಲ್ಲಿ ತಿಂಗಳಾದರೂ ಖಡಕ್ಕೇ, ಇಲ್ಲಿ ಸಂಜೆಗೇ ಮೆತ್ತಗಾಗುತ್ತಿತ್ತು. ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆಯಲ್ಲಿ ಸುತ್ತಿ ತೂಗುಹಾಕಿದೆ.

ಆ ಮಳೆಯಲ್ಲೇ ಬೆಳ್ತಂಗಡಿ ಬಸ್ಸಿನ ಡ್ರೈವರ್ ಸುಂದರಣ್ಣ ಒಳಗೆ ಬಂದ. ನಾನು ತಟ್ಟೆ ಇಟ್ಟೆ. ಅವನು ಖಡಕ್ ರೊಟ್ಟಿಯನ್ನು ಎರಡೂ ಕೈಯಲ್ಲಿ ಪುಡಿಪುಡಿ ಮಾಡಿ, ಬೇಳೆಯ ಸಾರನ್ನು ಪೂರ್ತಿ ಅದರ ಮೇಲೆ ಸುರಿದ. ಸುರಿದು ನೆನೆಯಲೆಂದು ಕಾಯುತ್ತ ಕುಳಿತ.

"ಏನ್ ಮಾಡಿದ್ರಿ ಇದು?" ಎಂದೆ. ದನಿ ಜೋರಾಗಿಯೇ ಇತ್ತು. "ಎಣ್ಣೆಗಾಯಿ ಹಚ್ಚಿಕೊಂಡು ತಿನ್ನಬೇಕ್ರಿ. ನಾನು ಬಡದು, ಸುಟ್ಟು, ಒಣಗಿಸಿದ್ದು ನೀವು ನೆನೆಸಾಕೇನು?"

ಸುಂದರಣ್ಣ ಹೆದರಲಿಲ್ಲ. "ಅಕ್ಕಾ, ರೊಟ್ಟಿ ಅಂದ್ರೆ ನಾವು ಹೀಗೇ ತಿನ್ನುವುದು. ಗರಿಗರಿ ರೊಟ್ಟಿಗೆ ಕೋಳಿಸಾರು ಹೊಯ್ದು, ಅದು ಕುಡಿದು ಮೆತ್ತಗಾದ್ಮೇಲೆ. ನಿಮ್ಮಲ್ಲಿ ಕೋಳಿ ಇಲ್ಲ, ಬೇಳೆ ಉಂಟು. ಬೇಳೆ ಸಾಕು. ಸ್ವಲ್ಪ ಜಾಸ್ತಿ ಹಾಕಿ."

ಕೋಪದಲ್ಲೇ ಹಾಕಿದೆ. ಅವನು ತಿನ್ನುವುದನ್ನು ನೋಡುತ್ತ ನಿಂತಾಗ ನನಗೆ ನೆನಪಾದದ್ದು ನಮ್ಮವ್ವ. ಹಲ್ಲು ನೋವೆಂದು ಅವಳೂ ಖಡಕ್ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿಯೇ ತಿನ್ನುತ್ತಾಳೆ. ಅವಳಿಗೆ ನಾನು ಎಂದಾದರೂ ಗದರಿದ್ದೆನೇ? ರೊಟ್ಟಿ ಬಡಿಯುವವರೆಗೆ ನನ್ನದು. ತಟ್ಟೆಗೆ ಬಿದ್ದ ಮೇಲೆ ತಿನ್ನುವವರದು. ಮರುದಿನದಿಂದ ಸಾರಿನ ಪಾತ್ರೆ ದೊಡ್ಡದು ಮಾಡಿದೆ. ರೊಟ್ಟಿಯಲ್ಲಿ ಮಾತ್ರ ಕೂದಲೆಳೆಯಷ್ಟೂ ಬದಲಿಸಲಿಲ್ಲ. ಸುಂದರಣ್ಣನ ಹಿಂದೆ ಕಂಡಕ್ಟರುಗಳು ಬಂದರು, ಆಟೋದವರು ಬಂದರು. ಪದ್ಮಕ್ಕ ಜೈನರು, ನೆಲದಡಿ ಬೆಳೆದದ್ದು ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅವರು ಬೆಳಕಿರುವಾಗಲೇ ಬಂದು ಬರೀ ರೊಟ್ಟಿ ಕಟ್ಟಿಸಿಕೊಂಡು ಹೋಗತೊಡಗಿದರು.

ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಹಮೀದಾಕ ತಂಗಿಯ ಮಗನನ್ನು ಕರೆದುಕೊಂಡು ಕೋಣೆ ತೋರಿಸಲು ಬಂದರು. ಕೂರಲು ಜಾಗವಿರಲಿಲ್ಲ. ಬಾಗಿಲಲ್ಲೇ ನಿಂತು "ಅಕ್ಕಾ, ಸ್ವಲ್ಪ ಮಾತಾಡ್ಲಿಕ್ಕುಂಟು" ಎಂದರು. ಕೋಣೆ ಬಿಡಿಸಲು ಬಂದಿದ್ದಾರೆಂದು ತಿಳಿಯಿತು. ಕೈ ಮಾತ್ರ ನಿಲ್ಲಿಸಲಿಲ್ಲ.

"ರೊಟ್ಟಿ ಬಡಿಯಾಕತ್ತೀನ್ರಿ. ಜಾಗ ಆದ ಮ್ಯಾಲೆ ಕೂಡ್ರಿ, ಉಂಡು ಮಾತಾಡ್ರಿ."

ಜಾಗ ಸಿಕ್ಕಿತು, ಇಬ್ಬರೂ ಕುಳಿತರು. ಹುಡುಗ ಯಾರೂ ಹೇಳಿಕೊಡದೆ ರೊಟ್ಟಿ ಪುಡಿ ಮಾಡಿ ಸಾರು ಸುರಿದುಕೊಂಡ. ಎರಡನೆಯದು ಕೇಳಿದ. ಹಮೀದಾಕ ಕೈ ತೊಳೆದು ಬಂದು ನಕ್ಕರು.

"ಕ್ಲಿಕ್ ಆಯ್ತಲ್ಲ ಅಕ್ಕಾ ನಿಮ್ಮದು!"

"ಕ್ಲಿಕ್ ಆಗಿಲ್ರಿ ಹಮೀದಾಕ" ಎಂದೆ. "ಅದು ಗುಂಡಿ ಒತ್ತಿದ್ರ ಆಗೂದು. ನಾ ಮಳಿಗಾಲ ಪೂರ್ತಿ ಬಡದೀನಿ. ನನ್ನ ರಟ್ಟಿ ನೋಡ್ರಿ. ಕೋಣಿ ನಾ ಬಿಡೂದಿಲ್ಲ."

ಒಳಗೆ ಉಣ್ಣುತ್ತಿದ್ದವರೆಲ್ಲ ತಲೆಯೆತ್ತಿ ಅವರನ್ನೇ ನೋಡಿದರು. ಹಮೀದಾಕ ಹುಡುಗನ ಮುಖ ನೋಡಿದರು, ಗಡ್ಡ ಕೆರೆದುಕೊಂಡರು. "ಆಯ್ತು ಮಾರಾಯ್ರೆ, ಬಡೀರಿ. ಇವನಿಗೆ ಬೇರೆ ಕಡೆ ನೋಡುವ."

ದೀಪಾವಳಿಗೆ ಲಿಂಗಸುಗೂರಿಗೆ ಹೋದೆ. ಅತ್ತೆಯ ಮನೆಯ ಪಂಕ್ತಿಯಲ್ಲಿ ಕುಳಿತು ಗೊತ್ತಿಲ್ಲದೆಯೇ ರೊಟ್ಟಿ ಪುಡಿ ಮಾಡಿ ಸಾರು ಸುರಿದುಕೊಂಡೆ. ನಾದಿನಿ ಎಲ್ಲರೆದುರು ನಕ್ಕಳು, "ಮಂಗಳೂರಾಕಿ ಆಗ್ಯಾಳ" ಎಂದಳು. ಮೂಡುಬಿದಿರೆಯಲ್ಲಿ ಘಟ್ಟದವಳು, ನಮ್ಮೂರಿನಲ್ಲಿ ಮಂಗಳೂರಿನವಳು. ಎರಡಕ್ಕೂ ನಾನು ಒಪ್ಪಿಗೆ ಕೊಟ್ಟಿಲ್ಲ. ನಗುವವರು ನಗಲಿ ಎಂದು ತಟ್ಟೆ ಖಾಲಿ ಮಾಡಿಯೇ ಎದ್ದೆ.

ಮೂಡುಬಿದಿರೆಗೆ ಹೊರಡುವ ಸಂಜೆ ಅವ್ವ ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ನಾನು ಬಸ್ಸು ಹತ್ತಿ ಕಿಟಕಿಯ ಬಳಿ ಕುಳಿತಾಗ ಮುಂದಿನ ಸೀಟಿನ ಹೆಂಗಸು ತಿರುಗಿ "ಎಲ್ಲಿಗೆ ಹೊಂಟೀರಿ ಅಕ್ಕಾ?" ಎಂದು ಕೇಳಿದಳು. "ಮನೀಗೆ" ಎಂದುಬಿಟ್ಟೆ. ಕಿಟಕಿಯ ಹೊರಗೆ ನಿಂತಿದ್ದ ಅವ್ವನಿಗೆ ಅದು ಕೇಳಿಸಿತು. ಅವಳ ಮುಖ ಸಣ್ಣದಾಯಿತು. ಅವ್ವ ಬುತ್ತಿಯ ಗಂಟನ್ನು ಕಿಟಕಿಯಿಂದ ಒಳಗೆ ಕೊಟ್ಟಳು. ನಾನು ಅವಳ ಕೈಯನ್ನು ಬಸ್ಸು ಹೊರಡುವವರೆಗೂ ಹಿಡಿದುಕೊಂಡೇ ಇದ್ದೆ. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.