ಸೊಕ್ಕೆಯ ಬೀಜ, ನಾಲೆಯ ನೀರು

ಹೋದ ಸೋಮವಾರ ನನ್ನ ಹೆಂಡತಿಯ ತಮ್ಮ ತಿಪ್ಪೇಶಿ ನಮ್ಮ ಮನೆಯ ಪಡಸಾಲೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ನಾನು ಬೆಳೆದ ಹಸಿಮೆಣಸಿನಕಾಯಿಯೊಂದನ್ನು ತೊಟ್ಟು ಹಿಡಿದು ಕಚಕ್ ಎಂದು ಕಡಿದ. ಅಗಿದ. ನುಂಗಿದ. ಇನ್ನೊಂದನ್ನು ಎತ್ತಿಕೊಂಡ. ಅದೂ ಒಳಗೆ ಹೋಯಿತು. ಮತ್ತೊಂದಕ್ಕೆ ಕೈ ಹಾಕಿ, ಅಡುಗೆ ಮನೆಯಲ್ಲಿದ್ದ ಅವನ ಅಕ್ಕನಿಗೆ ಕೂಗಿ ಹೇಳಿದ:

"ಅಕ್ಕಾ, ಒಂಚೂರು ಉಪ್ಪು ತಗಂಬಾ. ಭಾವನ ಸೌತೆಕಾಯಿ ಯಾಕೋ ಸಪ್ಪಗೈತೆ."

ಮೆಣಸಿನಕಾಯಿ ಬೆಳೆದವನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ? ನೀವೇ ಹೇಳಿ. (ಹೋದ ವಾರ ಈ ಅಂಕಣದಲ್ಲಿ ಹುಣಸೆಹಣ್ಣಿನ ಬಗ್ಗೆ ಬರೆದದ್ದಕ್ಕೆ ಫೋನ್ ಮಾಡಿ ನನಗೇ ಹುಳಿ ಹಿಂಡಿದ ಓದುಗರು ಈ ವಾರ ಸ್ವಲ್ಪ ದಯೆ ತೋರಿಸಬೇಕು. ಮನುಷ್ಯ ನೋವಿನಲ್ಲಿದ್ದಾನೆ.)

ಇದು ಶುರುವಾದದ್ದು ಕಳೆದ ಯುಗಾದಿಯ ಮಾರನೆಯ ದಿನ, ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ಅದು ನನ್ನ ಹೆಂಡತಿ ಗಂಗಮ್ಮನ ತವರು. ನಮ್ಮದು ಚನ್ನಗಿರಿ ತಾಲ್ಲೂಕು, ಕತ್ತಲಗೆರೆಯ ಪಕ್ಕ. ನಮಗೆ ನಾಲೆ ನೀರಿದೆ. ಅವರಿಗೆ ಮೋಡ ಇದೆ, ಅದೂ ಬಂದರೆ. ಮದುವೆಯಾದಾಗಿನಿಂದ ನಾನು ಆ ಮನೆಗೆ ಹೋದಾಗಲೆಲ್ಲ ಒಂದು ಮಾತು ಹೇಳದೆ ಎದ್ದು ಬಂದವನಲ್ಲ: "ನಿಮ್ಮ ಹೊಲದಾಗೆ ಕಲ್ಲು ಬಿಟ್ಟು ಬ್ಯಾರೆ ಏನಾರ ಬೆಳಿತೈತಾ?"

ಅಳಿಯನ ಮಾತು. ಯಾರೂ ಎದುರಾಡುವುದಿಲ್ಲ. ಅಳಿಯನಾಗಿರುವುದರ ಮುಖ್ಯ ಲಾಭವೇ ಅದು, ಅಲ್ಲವೇ?

ಆ ದಿನ ಅತ್ತೆ ಜೋಳದ ರೊಟ್ಟಿಯ ಜೊತೆಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದ ಖಾರ ಬಡಿಸಿದರು. ಅವರದೇ ಹೊಲದ ಕಾಯಿ. ಮೊದಲ ತುತ್ತಿಗೆ ನನ್ನ ಕಿವಿ ಬಿಸಿಯಾಯಿತು. ಎರಡನೆಯದಕ್ಕೆ ನೆತ್ತಿ ಬೆವರಿತು. ಮೂರನೆಯದಕ್ಕೆ ಕಣ್ಣಿಂದ ನೀರು ತಾನಾಗಿಯೇ ಇಳಿಯತೊಡಗಿತು. ನಾನು ಮಜ್ಜಿಗೆ ಚೊಂಬಿಗೆ ಕೈ ಚಾಚಿದ್ದನ್ನು ತಿಪ್ಪೇಶಿ ನೋಡಿಬಿಟ್ಟ.

"ಯಾಕ್ ಭಾವ, ಅಳಾಕೆ ಹತ್ತೀರಿ? ನಮ್ಮಕ್ಕ ಏನಾರ ಅಂದ್ಲಾ?"

ಮನೆಯೆಲ್ಲ ನಕ್ಕಿತು. ಗಂಗಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ನನಗೆ ರೇಗಿತು. ಕಣ್ಣೊರೆಸಿಕೊಳ್ಳುತ್ತಲೇ ಹೇಳಿದೆ: "ಇದೂ ಒಂದು ಖಾರನೇನಲೇ? ಬರೋ ಯುಗಾದಿ ಒಳಗೆ ನನ್ನ ಹೊಲದಾಗೆ ಇದರಪ್ಪನಂಥದ್ದು ಬೆಳೆದು ನಿನ್ನ ಬಾಯಿಗೆ ಇಡ್ತೀನಿ. ಒಂದು ಕಾಯಿ ತಿಂದು ನೀರು ಕೇಳದಂಗೆ ಕೂತ್ರೆ ನೀನು ಗೆದ್ದಂಗೆ."

"ಗೆದ್ರೆ?"

"ನೀ ಹೇಳಿದಂಗೆ."

ತಿಪ್ಪೇಶಿ ಯೋಚಿಸಲೇ ಇಲ್ಲ. ಎಷ್ಟೋ ವರ್ಷದಿಂದ ಕಾದಿದ್ದವನಂತೆ ಹೇಳಿದ: "ನಾ ಗೆದ್ರೆ, ನಿಮ್ಮ ಮನೆ ಪಡಸಾಲೆಗೆ ನಿಂತು 'ತಿಪ್ಪೇಶಿ, ನಿಮ್ಮ ಹೊಲದ ಮುಂದೆ ನಮ್ಮ ಹೊಲ ಏನೂ ಅಲ್ಲ' ಅನ್ಬೇಕು. ನೀವು ಗೆದ್ರೆ ಅದನ್ನೇ ನಾನು ನಮ್ಮನೇಗೆ ನಿಂತು ಅಂತೀನಿ."

ಒಪ್ಪಿದೆ. ಒಪ್ಪದೆ ಇರಲು ಆಗುತ್ತದೆಯೇ? ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ನೇಗಿಲು ಹಿಡಿದವನು. ಓದಿದವರು ಗೋಡೆಗೆ ಸರ್ಟಿಫಿಕೇಟು ನೇತು ಹಾಕುತ್ತಾರೆ. ನನಗಿರುವ ಸರ್ಟಿಫಿಕೇಟೆಂದರೆ ನನ್ನ ಹೊಲ. ಏರುತಗ್ಗಿದ್ದ ನೆಲವನ್ನು ಸಮ ಮಾಡಿದ್ದು ಈ ಕೈ. ನನ್ನ ಬದುವಿನ ಮೇಲೆ ಒಂದು ಕಳೆ ತೋರಿಸಿ, ಈ ಅಂಕಣ ನಿಮಗೇ ಬಿಟ್ಟುಕೊಡುತ್ತೇನೆ. ಅಂಥ ಹೊಲ ಏನೂ ಅಲ್ಲ ಎಂದು ನನ್ನ ಬಾಯಿಂದಲೇ ಹೇಳುವುದೆಂದರೆ ಸಾಮಾನ್ಯವೇ?

ಹಾಗಾಗಿ ಬೀಜದ ಬೇಟೆ ಶುರುವಾಯಿತು.

ಮೊದಲು ಹೊನ್ನಾಳಿಯ ಒಂದು ಬೀಜದಂಗಡಿ. "ಖಾರ ಅಂದ್ರೆ ಖಾರ ಇರೋ ಬೀಜ ಕೊಡ್ರಿ" ಎಂದೆ. ಅಂಗಡಿಯವರು ಪ್ಯಾಕೆಟ್ಟಿನ ಮೇಲೆ ಪ್ಯಾಕೆಟ್ಟು ಹಾಕಿದರು. ಇದು ಇಳುವರಿ ಹೆಚ್ಚು, ಅದು ಬಣ್ಣ ಜಾಸ್ತಿ, ಇನ್ನೊಂದಕ್ಕೆ ರೋಗ ಕಡಿಮೆ. ಖಾರದ ಮಾತು ಯಾವ ಪ್ಯಾಕೆಟ್ಟಿನ ಮೇಲೂ ಇಲ್ಲ! ಕಾಲ ಹೇಗೆ ಕೆಟ್ಟಿದೆ ನೋಡಿ. ಮೆಣಸಿನಕಾಯಿಯಲ್ಲಿ ಖಾರ ಬಿಟ್ಟು ಉಳಿದೆಲ್ಲವನ್ನೂ ಕೇಳುವ ಜನ ನಾವಾಗಿದ್ದೇವೆ.

ಆಮೇಲೆ ನ್ಯಾಮತಿ ಸಂತೆ. ಅಲ್ಲಿ ಒಣಮೆಣಸಿನಕಾಯಿಯ ರಾಶಿ ಹಾಕಿ ಕೂತಿದ್ದ ಅಜ್ಜಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಖಾರ ಬೇಕಂದ್ರೆ ಜಗಳೂರು ಕಡೆ ಹೋಗ್ರಿ ಯಜಮಾನ್ರೆ, ಅಲ್ಲಿ ಐತೆ" ಎಂದಳು. ನಾನು ನೆಟ್ಟಗೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ.

ಕೊನೆಗೆ ಮೊಬೈಲು. ಅದರಲ್ಲಿ ಸಿಗದ್ದೇನಿದೆ? ಪ್ರಪಂಚದಲ್ಲೇ ಅತಿ ಖಾರ ಎಂದು ಬರೆದಿತ್ತು. ಚಿತ್ರದಲ್ಲಿ ಕೆಂಡದಂಥ ಕಾಯಿ, ಮೈಯೆಲ್ಲ ಸುಕ್ಕು, ತುದಿಗೆ ಚೇಳಿನ ಕೊಂಡಿಯಂಥ ಬಾಲ. ನೋಡಿದರೇ ನಾಲಿಗೆ ಸುಡುವಂತಿತ್ತು. ಆರ್ಡರ್ ಮಾಡಿದೆ. ನಾಟಿ ಮಾಡಿದೆ. ದಿನಾ ಬೆಳಿಗ್ಗೆ ಹೋಗಿ ಬಾಲ ಮೂಡಿತೇ ಎಂದು ನೋಡಿದೆ. ಕಾಯಿ ಉಬ್ಬಿತು. ಇನ್ನೂ ಉಬ್ಬಿತು. ಬಾಲ ಮಾತ್ರ ಬರಲಿಲ್ಲ.

ದೊಣ್ಣೆ ಮೆಣಸಿನಕಾಯಿ, ಸ್ವಾಮಿ! ಹೋಟೆಲಿನವರು ಫ್ರೈಡ್ ರೈಸಿಗೆ ಹಾಕುತ್ತಾರಲ್ಲ, ಅದು.

ಗಂಗಮ್ಮ ನಗಲಿಲ್ಲ. ಪಲ್ಯ ಮಾಡಿ ಬಡಿಸಿ, "ಬ್ಯಾಸರ ಮಾಡ್ಕಬ್ಯಾಡ್ರಿ, ಹುಡುಗ್ರು ಮಕ್ಳೂ ತಿನ್ನಬೌದು" ಎಂದಳು. ನಕ್ಕಿದ್ದರೇ ವಾಸಿಯಿತ್ತು.

ಉಳಿದದ್ದು ಒಂದೇ ದಾರಿ. ಸೊಕ್ಕೆಯ ಬೀಜವನ್ನೇ ತಂದು ನನ್ನ ಹೊಲದಲ್ಲಿ ಬೆಳೆಯುವುದು. ಯೋಚಿಸಿದಷ್ಟೂ ಸರಿ ಎನ್ನಿಸಿತು. ಆ ಕಲ್ಲಿನಲ್ಲೇ ಅಷ್ಟು ಖಾರ ಬರುವುದಾದರೆ ನನ್ನ ಮಣ್ಣಿನಲ್ಲಿ, ನನ್ನ ನೀರಿನಲ್ಲಿ, ನನ್ನ ಕೈಯಲ್ಲಿ ಇನ್ನೆಷ್ಟು ಬರಬೇಡ? ಆದರೆ ಕೇಳುವುದು ಹೇಗೆ? ಯಾರನ್ನು ಸೋಲಿಸಬೇಕೋ ಅವರ ಮನೆಯ ಬಾಗಿಲಿಗೇ ಕತ್ತಿ ಕೊಡಿ ಎಂದು ಹೋಗುವುದೇ?

ಹೋದೆ. ನಮ್ಮ ಕಡೆ ಬೀಜ ಕೇಳಿ ಬಂದವರಿಗೆ ಇಲ್ಲ ಅನ್ನಬಾರದು. ಶತ್ರುವಿಗೂ ಅನ್ನಬಾರದು. ಅಳಿಯನಿಗಂತೂ ಅನ್ನಲೇಬಾರದು. ಅತ್ತೆ ಅಟ್ಟದ ಮೇಲಿನ ಗಡಿಗೆಯಿಂದ ಬೂದಿಯಲ್ಲಿ ಹುದುಗಿಸಿಟ್ಟ ಒಣಕಾಯಿಗಳನ್ನು ತೆಗೆದರು. ನಾನು ಅಂಗೈ ಚಾಚಿದೆ. ಅವರು ಕೊಡಲಿಲ್ಲ. ಮೊರದಲ್ಲಿ ಹಾಕಿ ನೆಲದ ಮೇಲಿಟ್ಟು ಹಿಂದೆ ಸರಿದರು. ಮೆಣಸಿನಕಾಯಿಯನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳವಾಗುತ್ತದಂತೆ.

"ಇಡವ್ವ, ಕೈಗೇ ಇಡು" ಎಂದ ತಿಪ್ಪೇಶಿ, "ಹೊಸ್ದಾಗಿ ಆಗಾಕೆ ಇನ್ಯಾವ ಜಗಳ ಉಳದೈತೆ?"

ನಾನು ಮೊರದಿಂದ ಎತ್ತಿಕೊಂಡೆ. ಹೊರಡುವಾಗ ಅತ್ತೆ ಒಂದು ಮಾತು ಹೇಳಿದರು: "ಬಾಳ ಮುದ್ದು ಮಾಡಬ್ಯಾಡ್ರಿ ಅಳಿಯಂದ್ರೆ. ಅದಕ್ಕೆ ಆಗಿ ಬರಲ್ಲ."

ಗೆಲ್ಲಬಾರದೆಂದು ಹೇಳಿದ ಮಾತು ಅಂದುಕೊಂಡೆ. ಎದುರು ಪಾರ್ಟಿಯವರ ಸಲಹೆ ಯಾರಾದರೂ ಕೇಳುತ್ತಾರೆಯೇ?

ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಕಾಯಿ ಒಡೆದು ಬೀಜ ಬಿಡಿಸಿದೆ. ಸೀನಿ ಸೀನಿ ಸಾಕಾಯಿತು. ಸಿಪ್ಪೆ, ತೊಟ್ಟು, ಕಸ ಎಲ್ಲವನ್ನೂ ಗಂಗಮ್ಮ ಗುಡಿಸಿ ಹಿತ್ತಲಿಗೆ ಎಸೆದಳು. ನಾನು ಸಸಿಮಡಿ ಮಾಡಿ ಬೀಜ ಚೆಲ್ಲಿದೆ.

ಆಮೇಲೆ ನಾನು ಮಾಡಿದ ಆರೈಕೆಯನ್ನು ಹೇಗೆ ಹೇಳಲಿ? ಕೊಟ್ಟಿಗೆ ಗೊಬ್ಬರವನ್ನು ಜರಡಿ ಹಿಡಿದು ಹಾಕಿದೆ. ಎಲೆ ಮುಟುರಿಕೊಂಡರೆ ಹುಳಿ ಮಜ್ಜಿಗೆ ಸಿಂಪಡಿಸಿದೆ. ಗಾಳಿಗೆ ವಾಲಿದರೆ ಕೋಲು ಕೊಟ್ಟೆ. ಬಿಸಿಲು ಜಾಸ್ತಿಯಾದರೆ ಹಳೇ ಸೀರೆಯ ನೆರಳು ಕಟ್ಟಿದೆ. ನೀರಂತೂ ಕೇಳಲೇಬೇಡಿ. ನಾಲೆ ಹರಿಯುತ್ತಿರುವಾಗ ನನ್ನ ಗಿಡ ಯಾಕೆ ಬಾಯಾರಬೇಕು?

ಗಂಗಮ್ಮ ಬದುವಿನ ಮೇಲೆ ನಿಂತು ನೋಡಿ ನೋಡಿ ಒಂದು ದಿನ ಹೇಳಿಯೇಬಿಟ್ಟಳು: "ನನ್ನ ಬಾಣಂತನದಾಗೂ ನೀವು ಹಿಂಗ್ ನೋಡ್ಕಳಲಿಲ್ಲ ಬಿಡ್ರಿ."

ಗಿಡ ಸೊಂಟದೆತ್ತರ ಬೆಳೆಯಿತು. ಕಾಯಿ ನೀಳವಾಗಿ, ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚಿತು. ದಾರಿಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ಫೋಟೋ ತೆಗೆದರು. ನಾನೇ ಒಂದು ಕಡಿದು ನೋಡಬಹುದಿತ್ತು. ನೋಡಲಿಲ್ಲ. ಸೊಕ್ಕೆಯ ಆ ಮೂರು ತುತ್ತಿನ ನೆನಪು ಇನ್ನೂ ಹಸಿಯಾಗಿತ್ತು. (ಹೆದರಿಕೆ ಅಲ್ಲ. ಮುನ್ನೆಚ್ಚರಿಕೆ.) ನೇರವಾಗಿ ತಿಪ್ಪೇಶಿಗೆ ಫೋನ್ ಮಾಡಿದೆ: "ಬಾರಪ್ಪ. ಬರುವಾಗ ಟವಲ್ಲು ತಗಂಬಾ."

ಬಂದ. ತಿಂದ. ಉಪ್ಪು ಕೇಳಿದ. ಅದನ್ನೇ ಮೊದಲಲ್ಲಿ ಹೇಳಿದ್ದು.

ಈಗ ಪಡಸಾಲೆಯಲ್ಲಿ ಎದ್ದು ನಿಲ್ಲುವುದೊಂದೇ ಬಾಕಿ. ತಿಪ್ಪೇಶಿ ಬಾಯಿ ಒರೆಸಿಕೊಂಡು ಗೋಡೆಗೆ ಒರಗಿ ಕಾಯುತ್ತಿದ್ದ. ಅವಸರ ಮಾಡಲಿಲ್ಲ. ಹೋಳಿಗೆ ಮುಂದಿಟ್ಟುಕೊಂಡವನು ತುಪ್ಪಕ್ಕೆ ಕಾಯುವಂತೆ ಕಾದ. ನಾನು ಎದ್ದೆ. ಪಂಚೆ ಸರಿ ಮಾಡಿಕೊಂಡೆ. ಗಂಟಲು ಸರಿ ಮಾಡಿಕೊಂಡೆ. "ತಿಪ್ಪೇಶಿ..." ಎಂದೆ. ಬಾಗಿಲಿಂದಾಚೆ ನನ್ನ ಹೊಲ ಕಾಣುತ್ತಿತ್ತು. ಅದರ ಎದುರಿಗೇ ಅದರ ಬಗ್ಗೆ ಹೇಳಬೇಕು.

"ಸ್ವಲ್ಪ ತಡೀರಿ" ಎಂದಿತು ಅಡುಗೆ ಮನೆಯಿಂದ ಬಂದ ದನಿ.

ಗಂಗಮ್ಮ ಹಿತ್ತಲ ಬಾಗಿಲಿಂದ ಹೋಗಿ ಸೆರಗಿನಲ್ಲಿ ಏನೋ ಹಿಡಿದು ಬಂದಳು. ಗಿಡ್ಡ, ಸೊಟ್ಟ, ಒರಟು ಮೈಯ ಒಂದಿಷ್ಟು ಕಾಯಿ. ತಮ್ಮನ ಕೈಗೆ ಕೊಡಲಿಲ್ಲ. ಅವನ ಮುಂದೆ ನೆಲದ ಮೇಲಿಟ್ಟಳು.

"ಕೈಗೆ ಕೊಟ್ರೆ ನಮ್ಮಿಬ್ರಿಗೆ ಜಗಳ ಆಗ್ತೈತೆ. ಇದೂ ಇವರ ಜಾಗದಾಗೇ ಬೆಳದಿದ್ದು. ತಿನ್ನು."

ತಿಪ್ಪೇಶಿ ನಗುತ್ತಲೇ ಕಡಿದ. ನಗು ಅರ್ಧಕ್ಕೆ ನಿಂತಿತು. ಅಗಿಯುವುದೂ ನಿಂತಿತು. ಕಿವಿ ಕೆಂಪಾದವು, ಹಣೆಯ ಮೇಲೆ ಬೆವರು ಒಡೆಯಿತು, ಕಣ್ಣು ತುಂಬಿದವು. ಗಂಡಸು, ಸುಮಾರು ಹೊತ್ತು ತಡೆದ. ಆಮೇಲೆ ಚೊಂಬು ಹುಡುಕುತ್ತಾ ಎದ್ದು ಅಡುಗೆ ಮನೆಗೇ ನುಗ್ಗಿದ. ಒಳಗಿಂದ ಬಂದದ್ದು ಒಂದೇ ಶಬ್ದ: "ನೀರು!"

ಆಹಾ. ಆ ಪದ ಅಷ್ಟು ಇಂಪಾಗಿದೆಯೆಂದು ನಾಲೆಯ ಪಕ್ಕದಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಮೀಸೆ ತಾನಾಗಿಯೇ ಮೇಲೆದ್ದಿತು. ಆದರೆ ಉಸಿರು ತಿರುಗಿದ ಮೇಲೆ ತಿಪ್ಪೇಶಿ, "ಎಲ್ಲೈತೆ ಇದರ ಗಿಡ? ತೋರಿಸ್ರಿ ನೋಡಾನ" ಎಂದ. ಮೂವರೂ ಹಿತ್ತಲಿಗೆ ಹೋದೆವು. ಹಳೇ ಕೊಟ್ಟಿಗೆ ಕೆಡವಿದಾಗಿನ ಇಟ್ಟಿಗೆ, ಹೆಂಚಿನ ಚೂರುಗಳ ಗುಡ್ಡೆ ಅಲ್ಲಿದೆ. ಅದರ ನೆತ್ತಿಯ ಮೇಲೆ ಮೊಣಕಾಲೆತ್ತರದ ಬಡಕಲು ಗಿಡ. ಎಲೆಗಿಂತ ಕಾಯಿಯೇ ಹೆಚ್ಚು. ಅವತ್ತು ಗುಡಿಸಿ ಎಸೆದ ಕಸದಲ್ಲಿ ಉಳಿದಿದ್ದ ಬೀಜ.

ತಿಪ್ಪೇಶಿ ಗುಡ್ಡೆಯ ಸುತ್ತ ಒಂದು ಸುತ್ತು ಬಂದ.

"ಬೀಜ ಯಾರದು ಭಾವ?"

"ನಿಮ್ಮದು."

"ಜಾಗ?"

"ನಮ್ಮದು!" ಇದನ್ನು ಸ್ವಲ್ಪ ಜೋರಾಗಿಯೇ ಹೇಳಿದೆ.

"ಬೆಳೆಸಿದ್ಯಾರು?"

ನಾನು ಗಂಗಮ್ಮನನ್ನು ನೋಡಿದೆ. ಅವಳು ತಲೆಯಾಡಿಸಿದಳು. "ಯಾರೂ ಇಲ್ಲ. ಇವರ ಕಣ್ಣಿಗೆ ಬಿದ್ದಿರಲಿಲ್ಲ. ಅದಕ್ಕೇ ಉಳಕಂತು."

"ನೀರಿಲ್ಲ, ಗೊಬ್ಬರಿಲ್ಲ, ಕಲ್ಲಿನ ಮ್ಯಾಲೆ ನಿಂತೈತೆ" ಎಂದು ತಿಪ್ಪೇಶಿ ಇನ್ನೂ ಉರಿಯುತ್ತಿದ್ದ ತುಟಿಯಲ್ಲೇ ನಕ್ಕ. "ಗೆದ್ರಿ ಭಾವ, ಒಪ್ಕಂಡೆ. ಆದ್ರೆ ಹಿತ್ತಲಾಗೆ ಜಗಳೂರು ಮಾಡ್ಕಂಡು ಗೆದ್ರಿ!"

ಪಂದ್ಯದ ಪ್ರಕಾರ ಅವನು ಸೊಕ್ಕೆಯಲ್ಲಿ ನಿಂತು ಹೇಳಬೇಕು. ಹೇಳುತ್ತೇನೆಂದೂ ಅಂದ. ನಾನು ಬೇಡ ಎಂದೆ. ನನ್ನ ಹೊಲ ಏನೂ ಅಲ್ಲ ಎಂದು ನಾನೂ ಹೇಳಲಿಲ್ಲ, ಆ ಮಾತು ಈ ಜನ್ಮದಲ್ಲಿ ನನ್ನ ಬಾಯಿಂದ ಬರುವುದಿಲ್ಲ. ಆದರೆ ಸೊಕ್ಕೆಯ ಕಲ್ಲಿನ ಬಗ್ಗೆ ಇನ್ನು ಮಾತಾಡುವುದಿಲ್ಲ ಎಂದೆ. ತಿಪ್ಪೇಶಿ ಕಣ್ಣೊರೆಸಿಕೊಂಡ. ಖಾರಕ್ಕೋ ಯಾತಕ್ಕೋ, ಕೇಳಲಿಲ್ಲ.

ಆವತ್ತಿನಿಂದ ನೋಡುತ್ತಿದ್ದೇನೆ. ನಮ್ಮೂರಲ್ಲಿ ಮಕ್ಕಳನ್ನು ಕಣ್ಣಳತೆಯಲ್ಲಿರುವ ಸ್ಕೂಲಿಗೂ ಸ್ಕೂಟರಿನಲ್ಲಿ ಬಿಟ್ಟು ಬರುತ್ತಾರೆ. ಬ್ಯಾಗು ಅಪ್ಪನ ಹೆಗಲಿಗೆ, ನೀರಿನ ಬಾಟಲಿ ಅಮ್ಮನ ಕೈಗೆ. ಬಿದ್ದರೆ ಏಳುವುದಕ್ಕೆ ಮೊದಲೇ ನಾವೇ ಎತ್ತುತ್ತೇವೆ. ಎಲ್ಲರೂ ಮಿರಮಿರ ಮಿಂಚುತ್ತಿದ್ದಾರೆ, ಫೋಟೋ ಚೆನ್ನಾಗಿ ಬರುತ್ತದೆ. ಕಡಿದು ನೋಡಿದರೆ ಉಪ್ಪು ಕೇಳಬೇಕಾಗುತ್ತದೋ ಏನೋ. (ನಿಮ್ಮ ಮಕ್ಕಳ ಮಾತಲ್ಲ. ನಿಮ್ಮ ಪಕ್ಕದ ಮನೆಯವರದು.)

ಇಷ್ಟೆಲ್ಲ ತಿಳಿದ ಮೇಲೂ ಮಾರನೆಯ ಬೆಳಿಗ್ಗೆ ನಾನೇನು ಮಾಡಿದೆ ಗೊತ್ತೇ? ಪಾಪ, ಒಂಟಿ ಗಿಡ, ಒಣಗಿದೆಯಲ್ಲ ಎಂದು ಚೊಂಬಿನಲ್ಲಿ ನೀರು ಹಿಡಿದು ಹಿತ್ತಲಿಗೆ ಹೊರಟೆ. ಗುಡ್ಡೆಯ ಸುತ್ತ ಆಗಲೇ ಮುಳ್ಳು ಹಾಕಿತ್ತು. "ಮೇಕೆ ಬರ್ತಾವೇನೆ?" ಎಂದು ಕೇಳಿದೆ.

"ಮೇಕೆ ಎಲ್ಲೈತೆ ನಮ್ಮನೇಗೆ? ನಿಮಗೇ ಹಾಕಿದ್ದು" ಎಂದಳು ಗಂಗಮ್ಮ, ಚೊಂಬು ಕಸಿದುಕೊಳ್ಳುತ್ತ.

ದುಡಿಯುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ, ಆದರೆ ಕೈಕಟ್ಟಿ ಸುಮ್ಮನಿರುವುದನ್ನು ಕಲಿಸುವ ಸ್ಕೂಲು ಎಲ್ಲಾದರೂ ಇದ್ದರೆ ತಿಳಿಸಿ. ಏಳನೇ ಕ್ಲಾಸಿಗೇ ಬಿಟ್ಟವನನ್ನು ಮತ್ತೆ ಸೇರಿಸಿಕೊಳ್ಳುತ್ತಾರಾ?