ಅರ್ಧ ಹೊಟ್ಟೆಯ ಆಚಾರ್ರು

ಅರವತ್ತರ ದಶಕದಲ್ಲಿ ನಾನು ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿ ಊರೂರು ಸುತ್ತುತ್ತಿದ್ದೆ. ಒಮ್ಮೆ ತೀರ್ಥಹಳ್ಳಿಯಿಂದ ಸಾಗರಕ್ಕೆ ಹೊರಟ ಬಸ್ಸು ಹೊಸನಗರದಲ್ಲಿ ನಿಂತಾಗ, ನನ್ನ ಪಕ್ಕದಲ್ಲಿ ಕೂತಿದ್ದ ಮರಗೆಲಸದ ಆಚಾರ್ರೊಬ್ಬರು ಇಳಿದು ಹಸಿರು ಪಿತ್ತ ಕಾರಿಕೊಂಡರು. ಚೀಲದಿಂದ ಹುಳಿತೇಗಿನ ಮಾತ್ರೆ ತೆಗೆದುಕೊಟ್ಟೆ.

"ಅದು ಬ್ಯಾಡ. ಇದು ಹುಳಿ ಅಲ್ಲ, ಕಹಿ," ಅಂದರು. "ಹುಣ್ಣಾಗಿ ರಕ್ತ ಹೋಗ್ತಿತ್ತು ಅಂತ ಅರ್ಧ ಹೊಟ್ಟೆ ಕೊಯ್ದು ತೆಗೆದ್ರು. ಆಮೇಲಿಂದ ಪಿತ್ತ ಮೇಲಕ್ಕೆ ಬರ್ತದೆ. ಅದು ಸುಟ್ಟು ಸುಟ್ಟು ಮುಂದೆ ಕ್ಯಾನ್ಸರ್ ಆಗ್ತದೆ ಅಂತ ಯಾರೋ ಅಂದ್ರು. ನೀವು ಔಷಧಿಯವ್ರಲ್ವ, ಹೌದಾ ಇದು?"

ನನಗೆ ಗೊತ್ತಿರಲಿಲ್ಲ. ಜೀವ ಉಳಿಸಿದ ಆಪರೇಷನ್ನೇ ಜೀವಕ್ಕೆ ಎರವಾಗುವುದು ಹೇಗೆಂದು ತಲೆಗೆ ಹತ್ತಲಿಲ್ಲ. ಸಾಗರದಲ್ಲಿ ಪರಿಚಯದ ಡಾಕ್ಟರ ಬಳಿ ಅವರನ್ನು ಕರೆದುಕೊಂಡು ಹೋದೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಈಗೇನೂ ಕಾಣಲ್ಲ ಆಚಾರ್ರೆ. ಬಹಳ ವರ್ಷ ಕಳೆದ ಮೇಲೆ ಕೆಲವರಿಗೆ ಕ್ಯಾನ್ಸರ್ ಆಗಿದೆ ಅಂತಾರೆ. ಪಿತ್ತದಿಂದಲೇ ಅಂತ ನಮಗೂ ಖಚಿತ ಇಲ್ಲ. ತೂಕ ಇಳಿದ್ರೆ, ಮಲ ಕಪ್ಪಾದ್ರೆ ತಕ್ಷಣ ಬನ್ನಿ."

"ಹಂಗಾದ್ರೆ ಕೊಯ್ಸಿದ್ದು ತಪ್ಪಾ?"

"ಕೊಯ್ಸದಿದ್ರೆ ಇವತ್ತು ಇದನ್ನ ಕೇಳೋಕೆ ನೀವೇ ಇರ್ತಿರಲಿಲ್ಲ."

ಹೊರಗೆ ಬಂದ ಆಚಾರ್ರು, "ಹೆದರ್ಬೇಕೋ ಬ್ಯಾಡವೋ, ಅದನ್ನೇ ಹೇಳ್ಲಿಲ್ಲವಲ್ಲ ಅವ್ರು," ಅಂದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಕೊನೆಗೆ ಅವರೇ ನನ್ನನ್ನು ಎದುರಿನ ಹೋಟೆಲಿಗೆ ಕರೆದೊಯ್ದು, ಇಡ್ಲಿ ತರಿಸಿ ನಿಧಾನವಾಗಿ ತಿಂದು ಮುಗಿಸಿದರು. ಹೊಟ್ಟೆ ಪೂರ್ತಿ ಇದ್ದ ನನಗೇ ಅರ್ಧ ಇಡ್ಲಿಯೂ ಇಳಿಯಲಿಲ್ಲ.