ಗೋಡೆಗೆ ಮುಖ ಮಾಡುವ ಅಗ್ಬೆಕೊ ಮಾಸ್ಟರ್

“ಅಮ್ಮಾ, ಈ ಮಾಸ್ಟರ್ ಏನ್ ತಪ್ಪು ಮಾಡಿದ್ರು? ಗೋಡೆ ಕಡೆ ತಿರುಗಿ ನಿಂತ್ಬಿಟ್ರಲ್ಲ!”

ಐದು ವರ್ಷದ ಎಯ್ರಾಮಳಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಅವಳ ಶಾಲೆಯಲ್ಲಿ ಹಾಗೆ ನಿಲ್ಲುವವರು ತಪ್ಪು ಮಾಡಿದವರೇ. ಜಿಫಾ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು.

ಹೊಹೊಯೆ ಊರಿನ ಸಂತೆಬೀದಿಯಲ್ಲಿದ್ದ ಆ ರಿಪೇರಿ ಗೂಡಂಗಡಿಗೆ ಅವಳು ಅಳುಕುತ್ತಲೇ ಬಂದಿದ್ದಳು. ಅವಳ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ ಕೀಬೋರ್ಡನ್ನು ಮೇಲೆತ್ತಿತ್ತು. ಜಿಫಾ ಬಾಣಂತಿಯರ ದವಾಖಾನೆಯ ನರ್ಸು. ಯಾರಿಗೆ ಯಾವ ಕಾಯಿಲೆ, ಯಾರ ಮೈಮೇಲೆ ಯಾರು ಕೈ ಎತ್ತಿದರು, ಎಲ್ಲವೂ ಅದರೊಳಗಿತ್ತು. “ಈ ಕೋಣೆ ದಾಟಲ್ಲ” ಎಂದು ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದಳು. ಆದರೂ ಊರಿನ ರೂಢಿಯಂತೆ ಪಾಸ್‌ವರ್ಡನ್ನು ಕಾಗದದ ಟೇಪಿನ ಮೇಲೆ ಬರೆದು, ಮುಚ್ಚಳಕ್ಕೆ ಅಂಟಿಸಿಯೇ ತಂದಿದ್ದಳು.

ಅಂಗಡಿಯ ರಿಪೇರಿಗಾರ ಅಗ್ಬೆಕೊ ಮಾಸ್ಟರು ಮೊದಲು ಮಾಡಿದ ಕೆಲಸವೆಂದರೆ ಆ ಟೇಪನ್ನು ಕಿತ್ತು ಅವಳ ಅಂಗೈಗೆ ಅಂಟಿಸಿದ್ದು.

“ಬ್ಯಾಟರಿ ಬದಲಾಯಿಸೋಕೆ ಇದ್ಯಾಕೆ ಸಿಸ್ಟರ್? ಟೈರ್ ಬದಲಾಯಿಸೋನು ನಿಮ್ಮನೆ ಬೀಗದ ಕೈ ಕೇಳ್ತಾನಾ?”

“ಎಲ್ರೂ ಕೇಳ್ತಾರಲ್ಲ ಮಾಸ್ಟರ್.”

“ನಾನೂ ಕೇಳ್ತಿದ್ದೆ. ಕೂತ್ಕೊಳ್ಳಿ. ಬಿಟ್ಟು ಹೋಗ್ಬೇಡಿ, ನನ್ನ ಕೈ ಮೇಲೇ ಕಣ್ಣಿರಲಿ.”

ಪಕ್ಕದಲ್ಲಿ ಕೆಂಕೆ ಎಂಬ ಜೋಳದ ಕಡುಬು ಮಾರುವ ಮಾವುಸಿ ಎಂಬಾಕೆ ನಕ್ಕಳು. “ಇವರ ಹತ್ರ ಬಂದೋರೆಲ್ಲ ಅರ್ಧ ಮೆಕ್ಯಾನಿಕ್ ಆಗೇ ಹೋಗೋದು!”

“ನೀನೂ ನಿನ್ನ ಕೆಂಕೆ ಮಡಕೆ ಮುಚ್ಚಳ ತೆಗೆದಿಟ್ಟು ಬೇಯಿಸು, ಆಮೇಲೆ ಮಾತಾಡು.”

ಸ್ಕ್ರೂಗಳು ಒಂದೊಂದಾಗಿ ಡಬ್ಬಿಯ ಮುಚ್ಚಳಕ್ಕೆ ಬಿದ್ದವು. ಉಬ್ಬಿದ ಬ್ಯಾಟರಿಯನ್ನು ಎಳೆಗೂಸನ್ನು ಎತ್ತುವಂತೆ ಎತ್ತಿ ಮರಳಿನ ಬಕೆಟ್ಟಿಗಿಳಿಸಿ, ಹೊಸದನ್ನು ಕೂರಿಸಿದರು. ಯಂತ್ರ ಚಾಲೂ ಆಗಿ ಪಾಸ್‌ವರ್ಡ್ ಕೇಳಿದ್ದೇ ತಡ, ಗೋಡೆಗೆ ಮುಖ ಮಾಡಿ ನಿಂತರು. ಆಗಲೇ ಎಯ್ರಾಮ್ ಕೇಳಿದ್ದು.

“ಸರಿಯಾಗೇ ಕೇಳಿದೆ ಪುಟ್ಟಿ,” ಎಂದರು ಮಾಸ್ಟರು, ತಿರುಗದೆ. “ತಪ್ಪು ಮಾಡಿದ್ದೆ.”

ನಾಲ್ಕು ವರ್ಷದ ಹಿಂದೆ ಒಬ್ಬ ಟೀಚರಮ್ಮನ ಲ್ಯಾಪ್‌ಟಾಪನ್ನು ಟೇಪಿನ ಸಮೇತ ಬೆಂಚಿನ ಮೇಲೆ ಬಿಟ್ಟು ಊಟಕ್ಕೆ ಹೋಗಿದ್ದರಂತೆ. ಕಾಯುತ್ತಿದ್ದ ಗಿರಾಕಿಯೊಬ್ಬ ಓದಿಕೊಂಡು ತೆರೆದ. ಸಂಜೆಯೊಳಗೆ ಆಕೆ ತನಗೆಂದೇ ಇಟ್ಟುಕೊಂಡಿದ್ದ ಚಿತ್ರಗಳು ಸಂತೆಯವರ ಫೋನುಗಳಲ್ಲಿದ್ದವು.

“ನಾನು ಕದೀಲಿಲ್ಲ ಸಿಸ್ಟರ್. ಬಾಗಿಲು ತೆರೆದಿಟ್ಟಿದ್ದೆ, ಅಷ್ಟೆ. ಇವತ್ತಿಗೂ ಆಯಮ್ಮ ಈ ಬೀದಿ ತುಳಿಯಲ್ಲ.”

ಜಿಫಾ ಪಾಸ್‌ವರ್ಡ್ ಒತ್ತಿ, ಕಡತಗಳನ್ನು ನೋಡಿ, ಮುಚ್ಚಳ ಮುಚ್ಚಿ, “ಆಯ್ತು, ತಿರುಗಿ” ಎಂದಳು. ಅಂಗೈಯ ಟೇಪು ಅಷ್ಟರಲ್ಲಿ ಉಂಡೆಯಾಗಿತ್ತು.

ಮಾಸ್ಟರು ಮೇಜಿನ ಖಾನೆಯಿಂದ ತಾವು ಬರೆದು ಮಡಿಸಿಟ್ಟಿದ್ದ ಒಂದು ಕಾಗದ ತೆಗೆದರು. ಅಂಚಿಗೆಲ್ಲ ಅಂಥದ್ದೇ ಟೇಪು, ಮೇಲೆ ಹೆಸರಿಲ್ಲ. ಆ ಟೀಚರಮ್ಮನ ಹೆಸರನ್ನು ಜಿಫಾಳ ಕಿವಿಯಲ್ಲಿ ಹೇಳಿದರು.

“ಕೂಸಾಗಿದೆಯಂತೆ. ತೂಕ ಹಾಕ್ಸೋಕೆ ನಿಮ್ಮಲ್ಲಿಗೇ ತರ್ತಾರಾ... ಬೇಡ, ಹೇಳ್ಬೇಡಿ! ಬಂದ್ರೆ ಇದನ್ನ ಕೊಡಿ. ಒಲ್ಲೆ ಅಂದ್ರೆ ಒಲೆಗೆ ಹಾಕಿ. ಕೊಟ್ರೋ, ಓದಿದ್ರೋ, ನನಗೆ ಮಾತ್ರ ಏನೂ ಹೇಳ್ಬೇಡಿ ಸಿಸ್ಟರ್.”